ಆ ಫ್ರೇಮ್‌ಗೆ ಬಣ್ಣ ಬೇಡ, ಮೊದಲು ತಲೆಕೆಳಗೆ ಮಾಡಿ ನೋಡಿ

ಪ್ರಶ್ನೆ: ಸರ್, ನಾನಿರುವುದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ 40 ಡಾಲರಿಗೆ ಹಳೇ ಸೈಕಲ್ ಫ್ರೇಮ್ ಒಂದನ್ನು ಕೊಂಡೆ. ಕಂಪನಿ ಹೆಸರಿಲ್ಲ, ಸ್ಟಿಕ್ಕರ್ ಇಲ್ಲ. ಕೊಳವೆಗಳು ಕೂಡುವ ಜಾಗ ಮಾತ್ರ ಮೇಣ ಸವರಿದ ಹಾಗೆ ನುಣುಪಾಗಿದೆ. ಮಾರಿದ ಅಜ್ಜ ‘1980ರ ಸುಮಾರಿನ ಗುಡ್ಡದ ಸೈಕಲ್’ ಅಂದರು. ತುಕ್ಕು ಕೆರೆಸಿ ಪೌಡರ್ ಕೋಟಿಂಗ್ ಮಾಡಿಸಲಾ?
– ಹೆಸರು ಬೇಡ

ಉತ್ತರ: ದಯವಿಟ್ಟು ಈಗಲೇ ಮಾಡಿಸಬೇಡಿ. ಆ ನುಣುಪು ಅಂದಿರಲ್ಲ, ಅಲ್ಲೇ ಇದೆ ವಿಷಯ.

ಆಗಿನ ಒಳ್ಳೆಯ ರಸ್ತೆ ಸೈಕಲ್‌ಗಳಲ್ಲಿ ಕೊಳವೆಗಳನ್ನು ಲಗ್ ಅನ್ನುವ ತೋಳಿನೊಳಗೆ ತೂರಿಸಿ ಬೆಸುಗೆ ಹಾಕುತ್ತಿದ್ದರು. ಗುಡ್ಡಕ್ಕೆ ದಪ್ಪ ಕೊಳವೆ ಬೇಕು, ಕೋನವೂ ಬೇರೆ. ಅದಕ್ಕೆ ಹೊಂದುವ ಲಗ್ ಸಿಗುತ್ತಿರಲಿಲ್ಲ. ಹಾಗಾಗಿ ಮೂಲೆಗೆ ಹಿತ್ತಾಳೆ ಕರಗಿಸಿ ತುಂಬಿ, ಆರಿದ ಮೇಲೆ ಅರ ಹಿಡಿದು ನುಣುಪಾಗಿ ಉಜ್ಜುತ್ತಿದ್ದರು. ಟಾಮ್ ರಿಚಿ ಅವರ ಫ್ರೇಮ್‌ಗಳಿಗೆ ಹೆಸರು ಬಂದದ್ದೇ ಈ ಕೆಲಸದಿಂದ. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಅವನ್ನು ‘ಮೌಂಟನ್‌ಬೈಕ್ಸ್’ ಹೆಸರಲ್ಲಿ ಮಾರಲು ಶುರು ಮಾಡಿದರು.

ನೀವಿರುವುದು ಇದೆಲ್ಲ ಹುಟ್ಟಿದ ಊರಲ್ಲೇ! 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಹತ್ತಿರದ ಗುಡ್ಡದಲ್ಲಿ ಮೊದಲ ರಿಪ್ಯಾಕ್ ರೇಸ್ ನಡೆಯಿತು. ಶ್ವಿನ್ ಕಂಪನಿಯ ಹಳೇ ಸೈಕಲ್‌ಗಳಲ್ಲಿ ಇಳಿಯುತ್ತಿದ್ದರು. ಕೆಳಗೆ ಬರುವಷ್ಟರಲ್ಲಿ ಹಿಂಚಕ್ರದ ನಡುವಿನ ಹಬ್ಬಿನೊಳಗಿನ ಬ್ರೇಕ್ ಕಾದು, ಅದರ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಗ್ರೀಸ್ ತುಂಬಲೇಬೇಕು, ಅದಕ್ಕೇ ಆ ದಾರಿಗೆ ರಿಪ್ಯಾಕ್ ಅನ್ನುವ ಹೆಸರು. ಮರುವರ್ಷ ಜೋ ಬ್ರೀಜ್ ಗುಡ್ಡಕ್ಕೆಂದೇ ಫ್ರೇಮ್ ಕಟ್ಟಿದರು. ಮೊದಲ ಸರಣಿಯಲ್ಲಿ ಮಾಡಿದ್ದು ಹತ್ತೇ ಹತ್ತು. ಹ್ಯಾಂಡಲ್ ಬುಡದಿಂದ ಹಿಂಚಕ್ರದ ತನಕ ಎರಡು ಸಪೂರ ಕೊಳವೆ ಜಾಸ್ತಿ ಇರುವುದು ಅದರ ಗುರುತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಬಂದ ಮೇಲೆ ಗುಡ್ಡದ ಸೈಕಲ್ ಎಲ್ಲರ ಕೈಗೂ ಸಿಕ್ಕಿತು. ಅದಕ್ಕೂ ಹಿಂದಿನದಾದರೆ ನಿಮ್ಮದು ನಿಜಕ್ಕೂ ಅಪರೂಪದ್ದು.

ಈಗ ಫ್ರೇಮನ್ನು ತಲೆಕೆಳಗೆ ಮಾಡಿ. ಪೆಡಲಿನ ಅಚ್ಚು ಕೂರುವ ಅಡ್ಡ ಕೊಳವೆಯ ಅಡಿಯನ್ನು ಎಣ್ಣೆಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಪಕ್ಕದಿಂದ ಟಾರ್ಚ್ ಬಿಡಿ. ಫ್ರೇಮ್ ಕಟ್ಟಿದವರು ಪಂಚ್ ಹೊಡೆದ ನಂಬರ್ ಇದ್ದರೆ ನೆರಳಿನಲ್ಲಿ ಎದ್ದು ಕಾಣುತ್ತದೆ. ಕೈಯಲ್ಲಿ ಹೊಡೆದದ್ದಾದರೆ ಅಂಕಿಗಳು ಒಂದೇ ಸಾಲಲ್ಲಿ ಇರಲೇಬೇಕು ಅಂತೇನಿಲ್ಲ, ಸೊಟ್ಟಗಿದ್ದರೆ ಖುಷಿಪಡಿ. ಹಿಂಚಕ್ರ ಕೂರುವ ಜಾಗದ ಒಳಅಳತೆಯನ್ನೂ ತೆಗೆಯಿರಿ. 135 ಮಿ.ಮೀ. ಇದ್ದರೆ ಹೆಚ್ಚಾಗಿ ನಂತರದ ಕಾಲದ್ದು.

ಇಷ್ಟು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಹದಿನೈದು ವರ್ಷದ ಹಿಂದೆ ನಾನೂ ಹೆಸರಿಲ್ಲದ ಒಂದು ಫ್ರೇಮನ್ನು ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕೊಟ್ಟೆ. ಮರಳಿನ ಹೊಡೆತಕ್ಕೆ ನಂಬರ್ ಅರ್ಧ ಅಳಿಸಿತು, ಉಳಿದರ್ಧವನ್ನು ದಪ್ಪ ಬಣ್ಣ ಮುಚ್ಚಿತು. ಅದು ಯಾರ ಕೈಕೆಲಸ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಓಡಿಸುವ ಆಸೆ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಹ್ಯಾಂಡಲ್ ಬುಡದ ಹಿಂದೆ, ಇಳಿಜಾರು ಕೊಳವೆಯ ಅಡಿಗೆ ಹೆಬ್ಬೆರಳು ಆಡಿಸಿ. ಸಣ್ಣ ಉಬ್ಬು ಸಿಕ್ಕರೆ ಅದು ಮುಂದಿನಿಂದ ಗುದ್ದಿಸಿಕೊಂಡ ಫ್ರೇಮ್. ಹತ್ತಬೇಡಿ, ಗೋಡೆಗೆ ತೂಗುಹಾಕಿ.

ಫೇರ್‌ಫ್ಯಾಕ್ಸ್‌ನಲ್ಲೇ ಮರಿನ್ ಸೈಕಲ್ ಮ್ಯೂಸಿಯಂ ಇದೆ. ತುಕ್ಕು, ಹಳೇ ಬಣ್ಣ ಎಲ್ಲ ಹಾಗೇ ಇರಲಿ, ಫ್ರೇಮನ್ನು ಅಲ್ಲಿಗೆ ಒಯ್ದು ತೋರಿಸಿ. ನಂಬರಿನ ಫೋಟೋ ನನಗೂ ಕಳಿಸ್ತೀರಲ್ವಾ?