ಗಲ್ಲಾದ ದುಡ್ಡು ಹೋಯಿತು, ನೋಡಿದವರು ಯಾರೂ ಇಲ್ಲ: ಕೋರ್ಟು ಯಾವ ಮಾತನ್ನು ಒಳಗೆ ಬಿಡುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ತಮ್ಮ ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಒಂದು ರಾತ್ರಿ 80,000 ರೂಪಾಯಿ ಕಾಣೆಯಾಯಿತು. ಅವನು ತೆಗೆದದ್ದನ್ನು ಯಾರೂ ನೋಡಿಲ್ಲ. ಆದರೆ ಮಾರನೇ ದಿನವೇ ಊರಿಗೆ ಹೊರಟುಹೋದ, ಅವನಿಗೆ ಇಸ್ಪೀಟಿನ ಚಟ ಇದೆ, ಸಂಬಳದ ವಿಷಯಕ್ಕೆ ಸೇಟ್ರ (ಹೋಟೆಲ್ ಮಾಲೀಕರ) ಜೊತೆ ಜಗಳ ಆಗಿತ್ತು, ಪೊಲೀಸ್ ಸ್ಟೇಷನ್‌ನಲ್ಲಿ ಒಪ್ಪಿಕೊಂಡಿದ್ದಾನೆ. ಇಷ್ಟನ್ನು ಇಟ್ಟುಕೊಂಡು ಕೇಸು ಹಾಕಿದ್ದಾರೆ. "ಇದೆಲ್ಲ ಕೋರ್ಟಿನಲ್ಲಿ ಸಾಕ್ಷಿ ಆಗುತ್ತಾ?" ಅಂತ ಕೇಳಿದ್ದೀರಿ. ನಾನು ಕಲ್ಯಾಣ್, ಥಾಣೆ ಕೋರ್ಟುಗಳಲ್ಲಿ ವಕೀಲಿ ಮಾಡುತ್ತೇನೆ. ನಮ್ಮ ಕಡೆಯ ಹೋಟೆಲ್ ಹುಡುಗರ ಕೇಸುಗಳು ನನ್ನ ಹತ್ತಿರ ಜಾಸ್ತಿ ಬರುತ್ತವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ. ಒಂದು ಮಾತು ನಿಜವೋ ಸುಳ್ಳೋ ಅನ್ನುವುದಕ್ಕಿಂತ ಮೊದಲು ಕೋರ್ಟು ಇನ್ನೊಂದನ್ನು ಕೇಳುತ್ತದೆ: ಈ ಮಾತಿಗೂ ಕೇಸಿಗೂ ಏನು ಕೊಂಡಿ? ಇಲ್ಲಿನ ಕೋರ್ಟುಗಳಲ್ಲಿ ಅದು ಮರಾಠಿಯಲ್ಲಿ ಕೇಳಿಸುತ್ತದೆ, "ಹ್ಯಾಚಾ ಸಂಬಂಧ ಕಾಯ?" ಅಂತ. ಹಾಗೆ ಕೇಳುವ ಅಧಿಕಾರವನ್ನು ಜಡ್ಜ್ ಸಾಹೇಬರಿಗೆ ಕಾನೂನೇ ಕೊಟ್ಟಿದೆ. ಕೊಂಡಿ ತೋರಿಸಲಾಗದಿದ್ದರೆ ಮಾತು ಎಷ್ಟೇ ನಿಜ ಇದ್ದರೂ ಹೊರಗೆ.

1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ 6ರಿಂದ 11ರವರೆಗಿನ ಕಲಮುಗಳು ಈಗ 4ರಿಂದ 9. ತಿರುಳು ಹೆಚ್ಚೂಕಡಿಮೆ ಅದೇ. ನಿಮ್ಮದು ಹೊಸ ಕೇಸು, ಆದ್ದರಿಂದ ಹೊಸ ಸಂಖ್ಯೆಗಳನ್ನೇ ಹೇಳುತ್ತೇನೆ.

ಮೊದಲು ಇಸ್ಪೀಟು. ಎಲ್ಲರೂ ಹೆದರುವುದು ಇದಕ್ಕೇ. "ಇವನು ಇಸ್ಪೀಟು ಆಡುತ್ತಾನೆ, ಕೆಟ್ಟವನು, ಆದ್ದರಿಂದ ಕದ್ದಿರಬೇಕು" ಅನ್ನುವ ವಾದಕ್ಕೆ ಕ್ರಿಮಿನಲ್ ಕೇಸಿನಲ್ಲಿ ಜಾಗ ಇಲ್ಲ. ಆರೋಪಿಯ ಕೆಟ್ಟ ನಡತೆ ಸುಸಂಗತ (ಅಂದರೆ ಕೇಸಿಗೆ ಕೊಂಡಿ ಇರುವ ಮಾತು) ಅಲ್ಲ ಅಂತ 49ನೇ ಕಲಮು ಹೇಳುತ್ತದೆ. ಆದರೆ ಅದೇ ಇಸ್ಪೀಟಿನಲ್ಲಿ ಸೋತು ಅವನು ಅರವತ್ತು ಸಾವಿರ ಸಾಲ ಮಾಡಿದ್ದ, ಕೊಟ್ಟವನು ಅದೇ ವಾರ ಹೋಟೆಲಿಗೇ ಬಂದು ಗಲಾಟೆ ಮಾಡಿದ್ದ ಅಂತಿದ್ದರೆ? ಅದು ನಡತೆಯ ಮಾತಲ್ಲ, ಕಾರಣದ ಮಾತು. ದುಡ್ಡಿನ ತುರ್ತು ಇತ್ತು ಅನ್ನುವ ಕೊಂಡಿ ಸಿಕ್ಕಿತು. 6ನೇ ಕಲಮಿನಲ್ಲಿ ಅದು ಒಳಗೆ ಬರುತ್ತದೆ. ಸಂಬಳದ ಜಗಳವೂ ಹಾಗೇ ಬರುತ್ತದೆ. ಆದರೆ ಜಗಳ ಎರಡೂ ಕಡೆಗೆ ಕಡಿಯುವ ಕತ್ತಿ. ಸಂಬಳ ಬಾಕಿ ಇತ್ತು ಅನ್ನುವುದು ತಮ್ಮನಿಗೆ ಕಾರಣವಾದರೆ, ಬಾಕಿ ಕೊಡದೆ ಕಳುಹಿಸಲು ಸೇಟ್ರು ಕೇಸು ಕಟ್ಟಿದರು ಅನ್ನುವುದಕ್ಕೂ ಅದೇ ಆಧಾರ ಆಗಬಹುದು. ಅವರು ಎಷ್ಟು ತಿಂಗಳ ಸಂಬಳ ಕೊಡಬೇಕಿತ್ತು ಅಂತ ಬರೆದಿಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. "ನಮ್ಮ ಹುಡುಗ ಒಳ್ಳೆಯವನು ಅಂತ ಊರಿನ ಹತ್ತು ಜನ ಹೇಳ್ತಾರೆ" ಅಂತ ಬರೆದಿದ್ದೀರಿ. ಒಳ್ಳೆಯ ನಡತೆಗೆ ಸಾಕ್ಷಿ ಕೊಡಬಹುದು, ಅದು ಸುಸಂಗತವೇ. ಆದರೆ ನೀವು ಆ ಬಾಗಿಲು ತೆಗೆದ ಕೂಡಲೇ ಕೆಟ್ಟ ನಡತೆ ತೋರಿಸಲು ಎದುರಿನವರಿಗೂ ದಾರಿ ಸಿಗುತ್ತದೆ. ಹಿಂದಿನ ಹೋಟೆಲಿನಲ್ಲಿ ಏನೋ ಆಗಿತ್ತು ಅನ್ನುವುದೆಲ್ಲ ಆಗ ಹೊರಗೆ ಬರುತ್ತದೆ. ವಕೀಲರನ್ನು ಕೇಳದೆ ಈ ಹೆಜ್ಜೆ ಇಡಬೇಡಿ.

ಈಗ ಊರಿಗೆ ಹೋದದ್ದು. ನಡೆದ ಕೂಡಲೇ ಆರೋಪಿ ಜಾಗ ಬಿಟ್ಟ ಅನ್ನುವುದು ಸುಸಂಗತ. ಅದನ್ನು ತಡೆಯಲಾಗದು. ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. 7ನೇ ಕಲಮಿಗೆ ಕೊಟ್ಟ ಉದಾಹರಣೆಯಲ್ಲಿ, ಓಡಿಹೋದ ಅನ್ನುವುದರ ಬೆನ್ನಿಗೇ ಇನ್ನೊಂದು ಮಾತಿದೆ: ಅವನಿಗೆ ಆ ಊರಿನಲ್ಲಿ ತುರ್ತು ಕೆಲಸ ಇತ್ತು ಅನ್ನುವುದೂ ಸುಸಂಗತ. ನೀವು ಪ್ರಶ್ನೆಯ ಕೊನೆಯ ಸಾಲಿನಲ್ಲಿ, ತಂಗಿಯ ಸೀಮಂತಕ್ಕೆ ಮೂರು ವಾರ ಮೊದಲೇ ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಮಾಡಿಸಿದ್ದ ಅಂತ ಸುಮ್ನೆ ಹೇಳಿ ಬಿಟ್ಟಿದ್ದೀರಿ. ನನ್ನ ಪ್ರಕಾರ ನಿಮ್ಮ ಇಡೀ ಪ್ರಶ್ನೆಯಲ್ಲಿ ಅದೇ ದೊಡ್ಡ ಮಾತು. ಟಿಕೆಟ್ ಮಾಡಿಸಿದ ತಾರೀಖು, ಸೀಮಂತದ ಕರೆಯೋಲೆ, ರಜೆ ಕೇಳಿ ಸೇಟ್ರಿಗೆ ಕಳಿಸಿದ ವಾಟ್ಸಾಪ್ ಮೆಸೇಜು, ಈ ಮೂರೂ ಸಿಕ್ಕರೆ "ಓಡಿಹೋದ" ಅನ್ನುವ ಮಾತಿನ ಬೆನ್ನು ಮುರಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಜೂನಿಯರ್ ಆಗಿದ್ದಾಗ ಇಂಥದ್ದೇ ಒಂದು ಕೇಸು ಬಂದಿತ್ತು. ಗೋದಾಮಿನ ಕಾವಲುಗಾರ, ವಿಜಯಪುರದ ಕಡೆಯವನು. ಕಳ್ಳತನದ ರಾತ್ರಿ ಅವನು ಊರಿಗೆ ಹೋಗುವ ಬಸ್ಸಿನಲ್ಲಿದ್ದ. ಟಿಕೆಟನ್ನು ಪಾಕೀಟಿನಲ್ಲಿ ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದ. ಅದನ್ನು ನೋಡಿ ನಾನೂ ನಿರಾಳವಾಗಿದ್ದೆ. ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ಅದನ್ನು ತೆಗೆದು ಕೊಟ್ಟೆವು. ಮಷೀನಿನಲ್ಲಿ ಬರುವ ನುಣುಪು ಕಾಗದದ ಟಿಕೆಟು ಅದು. ಅಕ್ಷರವೆಲ್ಲ ಮಾಸಿಹೋಗಿತ್ತು. ಜಡ್ಜ್ ಸಾಹೇಬರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಓರೆ ಮಾಡಿ, ಮತ್ತೆ ನೇರ ಮಾಡಿ ನೋಡಿದರು. ಕಂಡದ್ದು ಮಡಿಸಿದ ಗೆರೆ ಮಾತ್ರ. ಏನೂ ಹೇಳದೆ ವಾಪಸ್ ಕೊಟ್ಟರು. ಆ ಮನುಷ್ಯ ಬೇರೆ ಕಾರಣಕ್ಕೆ ಬಿಡುಗಡೆಯಾದ. ಆದರೆ ಅವತ್ತು ಕೈಗೆ ಬಂದ ಆ ಬಿಳಿ ಕಾಗದ ಇವತ್ತಿಗೂ ನನ್ನ ಕಣ್ಣೆದುರಿಗಿದೆ. ಮೊದಲ ದಿನವೇ ನಾನು ಅದರ ಝೆರಾಕ್ಸ್ ಮಾಡಿಸಬೇಕಿತ್ತು.

ಆ ಕಾವಲುಗಾರನ ವಾದ, ನಾನು ಅಲ್ಲಿ ಇರಲೇ ಇಲ್ಲ ಅನ್ನುವುದು, 9ನೇ ಕಲಮಿನಲ್ಲಿ ಬರುತ್ತದೆ. ಹೊಸ ಕಾಯ್ದೆಯ ಉದಾಹರಣೆಯಲ್ಲಿ ಅಪರಾಧ ನಡೆದದ್ದು ಚೆನ್ನೈಯಲ್ಲಿ, ಆ ದಿನ ಆರೋಪಿ ಇದ್ದದ್ದು ಲಡಾಖಿನಲ್ಲಿ. ನಿಮ್ಮ ತಮ್ಮ ಅವತ್ತು ಹೋಟೆಲಿನಲ್ಲೇ ಇದ್ದ, ಆದ್ದರಿಂದ ಅದು ಪೂರ್ತಿ ಒದಗುವುದಿಲ್ಲ. ಆದರೆ ಅದೇ ಕಲಮಿನಲ್ಲಿ, ಆರೋಪವನ್ನು ತೀರಾ ಅಸಂಭವ ಮಾಡುವ ಸಂಗತಿಗಳೂ ಬರುತ್ತವೆ. ಗಲ್ಲಾದ ಕೀಲಿ ಇನ್ಯಾರ ಹತ್ತಿರ ಇತ್ತು? ರಾತ್ರಿ ಲೆಕ್ಕ ಮಾಡಿದವರು ಯಾರು? ತಮ್ಮ ಎಷ್ಟು ಹೊತ್ತಿಗೆ ಕೆಲಸ ಮುಗಿಸಿ ರೂಮಿಗೆ ಹೋದ? ರೂಮಿನಲ್ಲಿ ಜೊತೆಗೆ ಮಲಗುವ ಹುಡುಗರು ಇದನ್ನು ಹೇಳಬಲ್ಲರು.

ಸ್ಟೇಷನ್‌ನಲ್ಲಿ ಒಪ್ಪಿಕೊಂಡದ್ದು ತಮ್ಮನ ಮೇಲೆ ಸಾಕ್ಷಿ ಆಗುವುದಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು 23ನೇ ಕಲಮು ಹೊರಗಿಡುತ್ತದೆ. ಒಂದು ಅಪವಾದ ಇದೆ: ಅವನು ಹೇಳಿದ್ದರಿಂದಲೇ ಏನಾದರೂ ಸಿಕ್ಕಿದ್ದರೆ, ಆ ಸಿಕ್ಕಿದ್ದಕ್ಕೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ದುಡ್ಡು ಸಿಕ್ಕಿತು ಅಂತ ಪಂಚನಾಮೆ ಮಾಡಿದ್ದಾರಾ, ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಯಾರು ಅಂತ ಚಾರ್ಜ್‌ಶೀಟಿನಲ್ಲಿ ನೋಡಿ.

ಹೋಟೆಲಿನ ಅಡಿಗೆಮನೆಯಲ್ಲಿ ಹುಡುಗರು ಆಡಿದ ಮಾತುಗಳ ಬಗ್ಗೆಯೂ ಕೇಳಿದ್ದೀರಿ. ಗಲ್ಲಾ ಖಾಲಿ ಇರುವುದು ಕಂಡ ಕ್ಷಣದಲ್ಲೇ ಒಬ್ಬ ಏನೋ ಕೂಗಿದ ಅಂದರೆ, ಅದು ಆ ಘಟನೆಯ ಭಾಗವೇ ಅಂತ 4ನೇ ಕಲಮಿನಲ್ಲಿ ಬರಬಹುದು. ಮಾರನೇ ದಿನ ದೋಸೆ ಕಲ್ಲಿನ ಹತ್ತಿರ ನಿಂತು "ಅವನೇ ಇರಬೇಕು" ಅಂದದ್ದು ಬರುವುದಿಲ್ಲ. ನಡುವೆ ಯೋಚನೆ ಮಾಡಲು, ಕತೆ ಕಟ್ಟಲು ಹೊತ್ತು ಸಿಕ್ಕಿರುತ್ತದೆ, ಅಲ್ವಾ?

ಸುತ್ತಲಿನ ಸಂಗತಿಗಳಿಗೆ ಎಷ್ಟು ಬಲ ಇದೆ ಅಂತ ನೋಡಬೇಕಾದರೆ ಮುಂಬೈಯದೇ ನಾನಾವತಿ ಪ್ರಕರಣ ಇದೆ. 1959ರ ಏಪ್ರಿಲ್. ನಾನಾವತಿ ನೌಕಾಪಡೆಯ ಅಧಿಕಾರಿ, ಅವರು ಇದ್ದ ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಅವರ ಹೆಂಡತಿಯ ಜೊತೆ ಸಂಬಂಧ ಇದ್ದ ಪ್ರೇಮ್ ಅಹುಜಾ ಅವರ ಗುಂಡಿನಿಂದ ಸತ್ತದ್ದು ಎಲ್ಲರಿಗೂ ಗೊತ್ತು. ಪ್ರಶ್ನೆ ಇದ್ದದ್ದು, ಬೇಕಂತಲೇ ಹೊಡೆದರೋ, ಜಗ್ಗಾಟದಲ್ಲಿ ಗುಂಡು ಹಾರಿತೋ ಅಂತ. ಕೋಣೆಯೊಳಗೆ ಬೇರೆ ಸಾಕ್ಷಿ ಇರಲಿಲ್ಲ. ಆದರೆ ಅಹ್ಮದ್‌ನಗರಕ್ಕೆ ರಾತ್ರಿ ಒಬ್ಬನೇ ಕಾರಿನಲ್ಲಿ ಹೋಗಬೇಕು ಅಂತ ಹೇಳಿ ಹಡಗಿನಿಂದ ರಿವಾಲ್ವರ್ ಮತ್ತು ಆರು ಗುಂಡು ಪಡೆದದ್ದು ಸಿದ್ಧತೆಯ ಮಾತಾಯಿತು. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟು 4.20ರ ಹೊತ್ತಿಗೆ ಗುಂಡು ಹಾರಿದ್ದು, ಸಿಟ್ಟು ಇಳಿಯಲು ಹೊತ್ತಿತ್ತು ಅನ್ನುವುದಕ್ಕೆ ಆಧಾರವಾಯಿತು. ಸತ್ತವನ ಸೊಂಟದ ಟವೆಲ್ ಜಾರದೆ ಹಾಗೇ ಇದ್ದದ್ದು, ಜಗ್ಗಾಟ ನಡೆದಿತ್ತು ಅನ್ನುವುದಕ್ಕೆ ಅಡ್ಡ ಬಂತು. ಒಂದು ಟವೆಲ್ ನೋಡಿ! 1961ರಲ್ಲಿ ಸುಪ್ರೀಂ ಕೋರ್ಟು ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಹೆದರಿಸಲು ಇದನ್ನು ಹೇಳಲಿಲ್ಲ. ಮಾತನ್ನು ಬಾಗಿಲೊಳಗೆ ಬಿಡುವುದು ಬೇರೆ, ಮಣೆ ಹಾಕಿ ಕೂರಿಸುವುದು ಬೇರೆ. ಸುಸಂಗತ ಅಂದರೆ ಒಳಗೆ ಬಂತು ಅಂತಷ್ಟೇ. ಶಿಕ್ಷೆಗೆ ಅದು ಸಾಕಾ ಅನ್ನುವ ಅಳತೆ ಪುಣೆಯಿಂದ ಹೋದ ಒಂದು ಕೇಸಿನಲ್ಲಿ ಸಿಗುತ್ತದೆ, 1984ರ ಶರದ್ ಸಾರ್ದಾ ತೀರ್ಪು. ಪುಣೆಯ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತ್ತು, ಹೈಕೋರ್ಟು ಒಪ್ಪಿತ್ತು, ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಕಣ್ಣಾರೆ ಕಂಡವರಿಲ್ಲದೆ ಕೇವಲ ಸಾಂದರ್ಭಿಕ ಸಾಕ್ಷ್ಯ, ಅಂದರೆ ಸುತ್ತಲಿನ ಸಂಗತಿಗಳಷ್ಟೇ, ಇದ್ದಾಗ ಪ್ರತಿ ಸಂಗತಿಯೂ ಪೂರ್ತಿ ರುಜುವಾತಾಗಬೇಕು, ಸರಪಳಿಯಲ್ಲಿ ಒಂದು ಕೊಂಡಿಯೂ ಬಿಡಬಾರದು, ಆರೋಪಿ ನಿರಪರಾಧಿ ಇರಬಹುದು ಅನ್ನುವುದಕ್ಕೆ ಎಲ್ಲೂ ಎಡೆ ಇರಬಾರದು ಅಂತ ಆ ತೀರ್ಪು ಹೇಳಿತು. ನಿಮ್ಮ ತಮ್ಮನ ಕೇಸಿನಲ್ಲಿ ಇನ್ನೊಬ್ಬರ ಹತ್ತಿರ ಕೀಲಿ ಇದ್ದರೆ ಅಷ್ಟೇ ದೊಡ್ಡ ಎಡೆ ಆಯಿತು. ಗಲ್ಲಾದಲ್ಲಿ ಅಷ್ಟು ದುಡ್ಡು ಇತ್ತು ಅನ್ನುವುದಕ್ಕೆ ಸೇಟ್ರ ಲೆಕ್ಕದ ಪುಸ್ತಕ ಮಾತ್ರ ಇದ್ದರೂ ಸಾಲದು. 28ನೇ ಕಲಮಿನ ಪ್ರಕಾರ ಪುಸ್ತಕ ಸುಸಂಗತ, ಆದರೆ ಅದೊಂದರ ಮೇಲೇ ಹೊಣೆ ಹೊರಿಸಲಾಗದು.

ಸಿಸಿಟಿವಿ ಬಗ್ಗೆ ಇವತ್ತೇ ವಕೀಲರ ಹತ್ತಿರ ಮಾತಾಡಿ. ಸಣ್ಣ ಹೋಟೆಲುಗಳ ಮಷೀನಿನಲ್ಲಿ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತುಬಿಡುತ್ತದೆ. ಅದನ್ನು ಹಾಗೇ ಉಳಿಸಿಡಿ ಅಂತ ಬೇಗ ಅರ್ಜಿ ಹಾಕಬೇಕು. ಕಾಪಿ ಕೊಟ್ಟರೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ 63ನೇ ಕಲಮಿನ ಸರ್ಟಿಫಿಕೇಟ್ ಜೊತೆಗಿರಬೇಕು. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಕೊಡುವಾಗಲೂ ಅದು ಬೇಕಾಗುತ್ತದೆ. ಆ ಫೋನನ್ನು ಮಾರಬೇಡಿ, ಮೆಸೇಜು ಅಳಿಸಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದಿದ್ದೀರಿ. ಕಲ್ಯಾಣ್ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಆದಾಯ ಕಡಿಮೆ ಇದ್ದವರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಇನ್ನೊಂದು, ತಮ್ಮನಿಗೆ ಮರಾಠಿ ಅರ್ಧಂಬರ್ಧ ಬರುತ್ತದೆ ಅಂತ ಬರೆದಿದ್ದೀರಿ. ಸಾಕ್ಷಿ ಹೇಳುವುದು ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬೇಡ ಅಂತ ಅವನಿಗೆ ಹೇಳಿ. ಅವನಿಗೆ ತಿಳಿಯುವ ಭಾಷೆಯಲ್ಲಿ, ಕೋರ್ಟಿನಲ್ಲೇ, ಅದನ್ನು ಹೇಳಿಸಬೇಕು ಅನ್ನುವುದು ಕಾನೂನು. ಕೈ ಎತ್ತಿ "ಸಾಹೇಬ್, ಕನ್ನಡ" ಅಂದರೆ ಸಾಕು.