ಪೆನ್ನು ಹಿಡಿದು ದುಬೈಗೆ ಬರುವವರಿಗೆ

ಕಾಸರಗೋಡಿನ ಬದಿಯಡ್ಕದಿಂದ ಬರೆದ ತಮ್ಮಾ, ಬೆನ್ನುಮೂಳೆ ಉರಿಯೂತದಿಂದ ಸೆಟೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಮಂಗಳೂರಿನ ಡಾಕ್ಟರು ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ 40 ಮಿಲಿಗ್ರಾಂ ಪೆನ್ನು (ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್) ಕೊಡುತ್ತಿದ್ದಾರೆ, ಬರುವ ತಿಂಗಳು ದುಬೈ ಕೆಲಸಕ್ಕೆ ಹೊರಟಿದ್ದೇನೆ, ರೂಮು, ಊಟ, ಇನ್ಶೂರೆನ್ಸ್, ಇಂಜೆಕ್ಷನ್ ಎಲ್ಲ ಹೇಗೆ ಅಂತ ಕೇಳಿದ್ದೀರಿ. ರೂಮು ಮತ್ತು ಸಂಬಳದ ಲೆಕ್ಕ ಇಲ್ಲಿ ಇಳಿದ ಮೇಲೆ ತಾನಾಗಿ ತಿಳಿಯುತ್ತದೆ. ಇಂಜೆಕ್ಷನ್ನಿನದು ಹಾಗಲ್ಲ, ಅದನ್ನು ಊರಿನಿಂದಲೇ ಸರಿಮಾಡಿಕೊಂಡು ಬರಬೇಕು.

ವಿಮಾನದಲ್ಲಿ ಉಪ್ಪಿನಕಾಯಿ, ಹಪ್ಪಳ ಚೆಕ್‌-ಇನ್‌ಗೆ ಹೋಗಲಿ, ಪೆನ್ನು ಮಾತ್ರ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿನಲ್ಲಿ ಅದು ಹೆಪ್ಪುಗಟ್ಟುವ ಅಪಾಯ ಉಂಟು. ಜೆಲ್ ಪ್ಯಾಕಿಗೂ ಪೆನ್ನಿಗೂ ನಡುವೆ ಒಂದು ದಪ್ಪ ಬೈರಾಸು ಸುತ್ತಿ. ಮೂಲ ಡಬ್ಬ, ಚೀಟಿ, ಡಾಕ್ಟರ ಪತ್ರ ಜೊತೆಗಿರಲಿ. ಪತ್ರದಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಅಡಾಲಿಮುಮ್ಯಾಬ್ ಅಂತಲೂ ಬರೆಸಿ, ಯಾಕೆಂದರೆ ಊರಲ್ಲಿ ಸಿಗುವ ಬ್ರ್ಯಾಂಡ್ ಇಲ್ಲಿ ಸಿಗದೆ ಇರಬಹುದು. ಇನ್ಶೂರೆನ್ಸ್ ಫಾರಂನಲ್ಲಿ ಕಾಯಿಲೆ ಮುಚ್ಚಿಡಬೇಡಿ. ಹಳೆ ಕಾಯಿಲೆಗೆ ಆರು ತಿಂಗಳು ಕಾಯಿಸುವ ಪಾಲಿಸಿಗಳುಂಟು. ಆರು ತಿಂಗಳಿಗೆ 13 ಪೆನ್ನು ಬೇಕು. ಆ ಖರ್ಚು ಯಾರದು ಎಂದು ಕಂಪನಿಯನ್ನು ಈಗಲೇ ಕೇಳಿ.

ನಾನು ಬಂದ ಹೊಸದರಲ್ಲಿ ಆರು ಜನಕ್ಕೆ ಒಂದೇ ಫ್ರಿಜ್. ಮೀನು, ಮೊಸರು, ನೀರಿನ ಬಾಟಲಿ ತುರುಕಿ ತುರುಕಿ ಹಿಂದೆ ಇದ್ದದ್ದು ಹಿಂಬದಿಯ ಗೋಡೆಗೆ ಅಂಟಿಕೊಂಡು ಮಂಜಾಗುತ್ತಿತ್ತು. ಪೆನ್ನು ಹಾಳಾಗುವುದೂ ಅಲ್ಲಿಯೇ. ಅದಕ್ಕೆ ಬೇಕಾದ್ದು 2ರಿಂದ 8 ಡಿಗ್ರಿ. ನಡುವಿನ ತಟ್ಟೆಯಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದೊಳಗೆ ಇಡಿ, ಪಕ್ಕದಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇರಲಿ. ಬಾಗಿಲಿನ ತಟ್ಟೆ ಬೇಡ, ಆರು ಜನ ತೆರೆದು ಮುಚ್ಚುವಾಗ ಬಿಸಿ ಬಡಿಯುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಪೆನ್ನು ಕರಗಿದ ಮೇಲೆ ತಿಳಿಯಾಗಿ ಕಂಡರೂ ಬಿಸಾಡಬೇಕು. ಒಳಗಿನ ಪ್ರೋಟೀನು ಕೆಟ್ಟಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ಬ್ರ್ಯಾಂಡುಗಳನ್ನು 25 ಡಿಗ್ರಿ ಒಳಗೆ, ಬೆಳಕು ತಾಗದಂತೆ 14 ದಿನ ಹೊರಗಿಡಬಹುದು. ನಿಮ್ಮದರ ಕಾಗದ ಓದಿ ನೋಡಿ. ಆದರೆ ಏಸಿ ನಿಂತ ರೂಮು ಇಲ್ಲಿ 25ರಲ್ಲಿ ನಿಲ್ಲುವುದಿಲ್ಲ, ನಿಲ್ಲಿಸಿದ ಕಾರಿನ ಮಾತಂತೂ ಬೇಡ.

ಚುಚ್ಚುವ ಮೊದಲು ಪೆನ್ನನ್ನು 15ರಿಂದ 30 ನಿಮಿಷ ಹೊರಗಿಡಿ. ತಣ್ಣಗಿದ್ದರೆ ಉರಿ ಜಾಸ್ತಿ. ಬಿಸಿನೀರು, ಬಿಸಿಲು ಬೇಡ, ಅಲುಗಾಡಿಸಬಾರದು. ಪೆನ್ನಿನ ಪಕ್ಕದ ಕಿಂಡಿಯಲ್ಲಿ ಮದ್ದು ಮಂಕಾಗಿ ಅಥವಾ ಚೂರು ಕಂಡರೆ ಬಳಸಬೇಡಿ. ತೊಡೆಯ ಮುಂಭಾಗ, ಇಲ್ಲವೇ ಹೊಕ್ಕುಳಿಂದ 5 ಸೆಂ.ಮೀ. ದೂರ, ಕಳೆದ ಸಲದ ಜಾಗದಿಂದ 3 ಸೆಂ.ಮೀ. ಆಚೆ. ಒತ್ತಿದ ಮೇಲೆ ಕಿಂಡಿಯ ಬಣ್ಣ ಪೂರ್ತಿ ತುಂಬುವವರೆಗೆ ಎತ್ತಬೇಡಿ. ಟಿಕ್ ಅಂತ ಸದ್ದಾದ ಕೂಡಲೇ ತೆಗೆದವರ ಮದ್ದು ಅರ್ಧ ಚರ್ಮದ ಮೇಲೆ ಹರಿದುಹೋಗುತ್ತದೆ. ಮುಗಿದ ಪೆನ್ನು ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ, ರೂಮಿನ ಕಸದ ಬುಟ್ಟಿಗೆ ಅಲ್ಲ.

ಇನ್ನು ಟಿಬಿ. ವೀಸಾ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ ಸರಿ ಬಂತು ಅಂತ ನಿಶ್ಚಿಂತೆ ಬೇಡ ಮಾರಾಯ್ರೆ. ಅಡಗಿರುವ ಟಿಬಿ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ದೇಹ ಆ ರೋಗಾಣುವಿನ ಸುತ್ತ ಗೋಡೆ ಕಟ್ಟಿ ಕೂರಿಸಿರುತ್ತದೆ. ಆ ಗೋಡೆಯನ್ನು ಹಿಡಿದಿಡುವುದು ಟಿಎನ್ಎಫ್ ಎಂಬ ಪ್ರೋಟೀನು, ನಿಮ್ಮ ಮದ್ದು ತಡೆಯುವುದೂ ಅದನ್ನೇ. ಗೋಡೆ ಸಡಿಲಾದರೆ ಟಿಬಿ ಎದ್ದು ಬರಬಹುದು. ಐಜಿಆರ್‌ಎ ರಕ್ತಪರೀಕ್ಷೆ ಅಥವಾ ಮಾಂಟು ಎಂಬ ಚರ್ಮದ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಅಂತ ಡಾಕ್ಟರನ್ನು ಕೇಳಿ, ವರದಿ ತನ್ನಿ. ಸಣ್ಣಂದಿನಲ್ಲಿ ಟಿಬಿಗೆಂದು ಹಾಕಿದ ಬಿಸಿಜಿ ಲಸಿಕೆಯಿಂದ ಮಾಂಟು ಟಿಬಿ ಇಲ್ಲದಿದ್ದರೂ ಉಂಟೆಂದು ಸುಳ್ಳು ಹೇಳಬಹುದು, ಐಜಿಆರ್‌ಎಗೆ ಆ ತೊಂದರೆ ಇಲ್ಲ.

ಇಲ್ಲಿ ಒಂದು ಫಾರ್ಮಸಿಯ ಕೌಂಟರಿನಲ್ಲಿ ನಿಲ್ಲುವವ ನಾನು. ಕುಂಬಳೆ ಕಡೆಯ ಒಬ್ಬರು ಒಂದು ವಾರ ದಿನಾ ಸಂಜೆ ಜ್ವರಕ್ಕೆ ಪ್ಯಾನಡಾಲ್ (ಪ್ಯಾರಾಸಿಟಮಾಲ್) ಒಯ್ದರು. ಊರಿನ ಮಳೆ, ಅಡಿಕೆ ರೇಟು ಎಲ್ಲ ಮಾತಾಡಿದೆವು. ಬೇರೆ ಮದ್ದು ಏನಾದರೂ ಉಂಟಾ ಅಂತ ನಾನು ಕೇಳಲಿಲ್ಲ. ಅವರದೂ ಇದೇ ಪೆನ್ನು. ಕೆಲಸ ಹೋದೀತೆಂದು ರೂಮಿನವರಿಗೂ ಹೇಳಿರಲಿಲ್ಲ. ಟಿಬಿ ಎಂದು ಗೊತ್ತಾಗುವ ಹೊತ್ತಿಗೆ ಎದ್ದು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಆ ಒಂದು ಪ್ರಶ್ನೆ ಈಗಲೂ ನನ್ನ ಬಾಯಲ್ಲೇ ಉಳಿದಿದೆ.

ಅದಕ್ಕೇ ಹೇಳುವುದು: 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಅವರು ಹೇಳುವವರೆಗೆ ಮುಂದಿನ ಪೆನ್ನು ಚುಚ್ಚಬೇಡಿ. ಜ್ವರ ಏರಿಸುವ ಸಂಕೇತಗಳಲ್ಲಿ ಟಿಎನ್ಎಫ್ ಕೂಡ ಒಂದು, ಹಾಗಾಗಿ ದೊಡ್ಡ ಸೋಂಕಿದ್ದರೂ ಮೈ ಬರೀ ಬೆಚ್ಚಗಿರಬಹುದು. ಎರಡು ವಾರ ದಾಟಿದ ಕೆಮ್ಮು, ರಾತ್ರಿ ಬೆವರು, ಇಳಿದ ತೂಕ, ಕತ್ತಿನ ಗಂಟು, ಯಾವುದನ್ನೂ ಏಸಿಯ ತಲೆಗೆ ಕಟ್ಟಬೇಡಿ. ಪಕ್ಕದ ಬೆಡ್ಡಿನವ ಕೆಮ್ಮುತ್ತಿದ್ದರೆ ಸಂಕೋಚಬಿಟ್ಟು ಪರೀಕ್ಷೆಗೆ ಕಳಿಸಿ.

ಊಟದಲ್ಲಿ ಪಥ್ಯ ಏನಿಲ್ಲ. ಕಾಯಿಸದ ಹಾಲು, ಅದರಲ್ಲೂ ಫಾರ್ಮಿನ ಹಸಿ ಒಂಟೆ ಹಾಲು ಬೇಡ. 2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹುಡುಗಿಯೊಬ್ಬಳು ತೀರಿಹೋದದ್ದನ್ನು ನಮ್ಮ ಜಿಲ್ಲೆಯವರಿಗೆ ನೆನಪಿಸಬೇಕಾಗಿಲ್ಲ. ಹಸಿ ಮೊಟ್ಟೆಯ ಮಯೊನೈಸ್ ಕೂಡ ಮುಟ್ಟಬೇಡಿ. ಫ್ಲೂ ಲಸಿಕೆ ವರ್ಷವರ್ಷ ಹಾಕಿಸಬಹುದು. ಕಂಪನಿ ಆಫ್ರಿಕಾಕ್ಕೆ ಕಳಿಸುತ್ತೇನೆಂದರೆ ಮೊದಲೇ ಹೇಳಿ, ಹಳದಿ ಜ್ವರದ್ದು ಜೀವಂತ ಲಸಿಕೆ, ಈ ಮದ್ದಿನ ಜೊತೆ ಆಗುವುದಿಲ್ಲ.

ಜೂನ್‌ನಲ್ಲಿ ರಜೆಗೆ ಹೋದಾಗ ಅಡಿಕೆ ತೋಟದ ಕಣಿಯಲ್ಲಿ ಬರಿಗಾಲಲ್ಲಿ ಇಳಿಯುವ ಆಸೆ ಆಗುತ್ತದೆ, ನನಗೂ ಆಗುತ್ತದೆ. ಇಲಿಜ್ವರದ ಕಾಲ ಅದು. ಮೊಣಕಾಲುದ್ದದ ಬೂಟು ಹಾಕಿಯೇ ಇಳಿಯಿರಿ.