ಸಕ್ಕರೆ ಕಾಯಿಲೆಯ ಮಾತ್ರೆ ಮರೆವಿಗೆ ಮದ್ದಲ್ಲ

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಅಲ್ಝೈಮರ್ ಆರಂಭವಾಗಿದೆ, ಡೊನೆಪೆಜಿಲ್ ಕೊಡುತ್ತಿದ್ದೇವೆ. ಸಕ್ಕರೆ ಕಾಯಿಲೆ ಇಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಮರೆವನ್ನು ತಡೆಯುತ್ತದೆ ಎಂದು ಓದಿದೆ. ಶುರು ಮಾಡಬಹುದೇ ಡಾಕ್ಟರೇ?

ಉತ್ತರ: ಬೇಡ. ಈ ತಿಂಗಳಲ್ಲಿ ಇದೇ ಪ್ರಶ್ನೆ ಏಳನೆಯ ಸಲ ಬಂದಿದೆ. ಹಾಗಾಗಿ ಒಮ್ಮೆ ಉದ್ದಕ್ಕೇ ಬರೆದುಬಿಡುತ್ತೇನೆ.

ನೀವು ಓದಿದ್ದು ಹಳಸಿದ ಸುದ್ದಿ. ಈ ಔಷಧಿ ತೆಗೆದುಕೊಳ್ಳುತ್ತಿದ್ದ ಮಧುಮೇಹಿಗಳಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಆಸ್ಪತ್ರೆ ದಾಖಲೆಗಳು ತೋರಿಸಿದ್ದು ನಿಜ. ಆದರೆ ದುಬಾರಿ ಔಷಧಿ ಯಾರ ಕೈಗೆ ಸಿಗುತ್ತದೆ? ಹಣವುಳ್ಳವರಿಗೆ, ತಪ್ಪದೆ ತಪಾಸಣೆಗೆ ಹೋಗುವವರಿಗೆ. ಅವರ ಬುದ್ಧಿ ಚುರುಕಾಗಿ ಉಳಿದರೆ ಕೀರ್ತಿಯೆಲ್ಲ ಮಾತ್ರೆಗೇ ಹೋಗಬೇಕೇ? ಇದನ್ನು ಬಗೆಹರಿಸಲು ತಯಾರಕರಾದ ನೋವೊ ನಾರ್ಡಿಸ್ಕ್ ಕಂಪನಿಯೇ ಇವೋಕ್, ಇವೋಕ್ ಪ್ಲಸ್ ಎಂಬ ಎರಡು ಪ್ರಯೋಗಗಳನ್ನು ನಡೆಸಿತು. ಆರಂಭಿಕ ಹಂತದ 3,800ಕ್ಕೂ ಹೆಚ್ಚು ರೋಗಿಗಳು, ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ, ಎರಡು ವರ್ಷ. 2025ರ ನವೆಂಬರ್‌ನಲ್ಲಿ ಫಲಿತಾಂಶ ಹೊರಬಿತ್ತು. ಕಾಯಿಲೆಯ ಸುಳಿವು ಕೊಡುವ ಕೆಲವು ಜೈವಿಕ ಸೂಚಕಗಳು ತುಸು ಸುಧಾರಿಸಿದ್ದವು, ಕಾಯಿಲೆಯ ಓಟ ಮಾತ್ರ ನಿಧಾನವಾಗಿರಲಿಲ್ಲ. ಮಾರುವವರೇ ಕೈಚೆಲ್ಲಿದ ಮೇಲೆ ನಿಮಗೇಕೆ ಹಟ?

ಅಪಾಯವೂ ಇದೆ. ಸೆಮಾಗ್ಲುಟೈಡ್ ಹಸಿವು ಕುಗ್ಗಿಸುತ್ತದೆ, ವಾಕರಿಕೆ ತರುತ್ತದೆ. ಡೊನೆಪೆಜಿಲ್ ಕೂಡ ಅದನ್ನೇ ಮಾಡಬಲ್ಲದು. ಉಂಡೆನೋ ಇಲ್ಲವೋ ಎಂಬುದೇ ನೆನಪಿರದ ಹಿರಿಯರನ್ನು ಇನ್ನಷ್ಟು ಸೊರಗಿಸಿದರೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಹಳೆಯ ಔಷಧಿಗೆ ಹೊಸ ಕೆಲಸ ಹಚ್ಚಲೇಬಾರದು ಎಂದೇನೂ ಅಲ್ಲ. ಮೆಮಾಂಟೀನ್ ಹುಟ್ಟಿದ್ದೇ 1960ರ ದಶಕದಲ್ಲಿ, ಸಕ್ಕರೆ ಇಳಿಸಲೆಂದು! ಆ ಕೆಲಸಕ್ಕೆ ಬಾರದೆ, ದಶಕಗಳ ನಂತರ ಅಲ್ಝೈಮರ್ ರೋಗಿಗಳಿಗೆ ಅಷ್ಟಿಷ್ಟು ಒದಗಿತು. ಆದರೆ ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಸೋಂಕಿಗೆ ಕೊಡುವ ಮಿನೊಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ನಿಲ್ವಡಿಪಿನ್ ಎಲ್ಲವೂ ಪ್ರಯೋಗದಲ್ಲಿ ಸೋತವು. ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನು ಮಿದುಳನ್ನು ಕಾಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಪಡೆದ 65 ದಾಟಿದ ಮಹಿಳೆಯರಲ್ಲಿ ಮರೆವಿನ ಕಾಯಿಲೆಯ ಅಪಾಯ ಇಮ್ಮಡಿಯಾಗಿತ್ತು. ನನ್ನ ಪುಕ್ಕಲುತನ ಅಂದಿನಿಂದ ಬಂದದ್ದು.

ಹೊಸದನ್ನು ಸೇರಿಸುವ ಮೊದಲು ತಂದೆಯವರ ಮಾತ್ರೆ ಡಬ್ಬಿಯನ್ನು ವೈದ್ಯರ ಮೇಜಿನ ಮೇಲೆ ಸುರಿಯಿರಿ. ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ನೆಗಡಿಗೆ ಕ್ಲೋರ್‌ಫೆನಿರಾಮಿನ್, ನಿದ್ದೆಗೆಂದು ಅಮಿಟ್ರಿಪ್ಟಿಲಿನ್ ಇವೆಯೇ ನೋಡಿ. ಡೊನೆಪೆಜಿಲ್ ಕಷ್ಟಪಟ್ಟು ಉಳಿಸುವ, ನೆನಪಿಗೆ ಬೇಕಾದ ಮಿದುಳಿನ ರಾಸಾಯನಿಕ ಅಸಿಟೈಲ್‌ಕೋಲಿನ್‌ಗೆ ಇವು ಅಡ್ಡಗಾಲು ಹಾಕುತ್ತವೆ. ಡೊನೆಪೆಜಿಲ್ಲೇ ಮೂತ್ರದ ಅವಸರ ತರಿಸಿ, ಅದಕ್ಕೆಂದು ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆದಿರುವ ಚೀಟಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ನುಂಗಿದರೆ ಅಲ್ಝೈಮರ್ ಬರುವುದಿಲ್ಲವಂತೆ?

ಉತ್ತರ: ಅದೂ ದಾಖಲೆಗಳ ಲೆಕ್ಕಾಚಾರವೇ, ಮೇಲಿನದನ್ನು ಇನ್ನೊಮ್ಮೆ ಓದಿ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ನುಂಗಿದರೆ ಪ್ರಾಣಕ್ಕೇ ಕುತ್ತು.

ಪ್ರಶ್ನೆ: ದಿನಕ್ಕೆರಡು ಚಮಚ ತೆಂಗಿನೆಣ್ಣೆ?

ಉತ್ತರ: ಒಗ್ಗರಣೆಗೆ ಹಾಕಿ.

ಪ್ರಶ್ನೆ: 40 ದಿನದಲ್ಲಿ ಅಮ್ಮನ ನೆನಪು ಮರಳಿಸುವ ಪುಡಿಗೆ ಒಬ್ಬರು 18,000 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ: ಪುಡಿಯಲ್ಲಿ ಏನೇನಿದೆ ಎಂದು ಸಹಿ ಹಾಕಿ ಬರೆದುಕೊಡಲು ಹೇಳಿ. ಕೊಡುವುದಿಲ್ಲ. ಅಮ್ಮನಿಗೆ ಕಿವಿ ಮಂದವಿದ್ದರೆ ಆ ಹಣವನ್ನು ಶ್ರವಣಯಂತ್ರಕ್ಕೆ ಹಾಕಿ.